ವಾರಕ್ಕೆ 20 ಹೆಸರಿನ ಕಾರು

ಮುಂದಿನ ಕಾರು ಗಕ್ಕನೆ ಬ್ರೇಕ್ ಹಾಕಿದ್ದು ಹಿಂದಿನ ಕಾರಿಗೆ ರೇಡಿಯೋದಲ್ಲೇ ತಿಳಿದರೆ ಮಂಜು ಮುಸುಕಿದ ಖಂಡಾಲಾ ಘಾಟಿಯಲ್ಲಿ ಎಷ್ಟೋ ಜೀವ ಉಳಿದಾವು. ಅದಕ್ಕೆ ಪ್ರತಿ ಕಾರೂ ತಾನಿರುವ ಜಾಗ, ವೇಗಗಳನ್ನು ಸೆಕೆಂಡಿಗೆ 10 ಸಲ ಸಾರುತ್ತಿರಬೇಕು. ಸುಳ್ಳು ಸಂದೇಶ ತಡೆಯಲು ಡಿಜಿಟಲ್ ಸಹಿಯೂ ಬೇಕು. ಆದರೆ ಸಹಿ ಸದಾ ಒಂದೇ ಆಗಿದ್ದರೆ, ರಸ್ತೆ ಬದಿ ರಿಸೀವರ್ ಇಟ್ಟವನಿಗೆ ನಾನು ಯಾವ ಆಸ್ಪತ್ರೆಗೆ, ಯಾರ ಮನೆಗೆ ಹೋದೆನೆಂಬುದೆಲ್ಲ ಸಿಕ್ಕಿಬಿಡುತ್ತದೆ!

ಅಮೆರಿಕದಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿ ಕಾರಿಗೆ ವಾರಕ್ಕೆ 20 ಗುಪ್ತನಾಮದ ಪ್ರಮಾಣಪತ್ರ. ಅವನ್ನು ಬದಲಿಸುತ್ತಲೇ ಓಡುತ್ತದೆ. ನನಗೆ ಹಿಡಿಸಿದ್ದು ಇನ್ನೊಂದು: ಕಾರನ್ನು ಬಲ್ಲ ಕಚೇರಿಗೆ ಪ್ರಮಾಣಪತ್ರ ಕಾಣದು, ಪ್ರಮಾಣಪತ್ರ ಕೊಡುವ ಕಚೇರಿಗೆ ಕಾರು ಗೊತ್ತಿಲ್ಲ. ಸುಳ್ಳು ಸಂದೇಶ ಬಿಟ್ಟ ಕಾರನ್ನು ಹಿಡಿಯಬೇಕಾದರೆ ಇವು ಕೈಜೋಡಿಸಲೇಬೇಕು. ನಮ್ಮಲ್ಲಿ ಇದು ಬಂದಾಗ ಎರಡೂ ಕೀಲಿಕೈ ಒಂದೇ ಮೇಜಿನ ಮೇಲೆ ಬಿದ್ದಿರುತ್ತವೇನೋ ಎಂಬುದೇ ನನ್ನ ಅಳುಕು.