ಬೆಸುಗೆಯೋ, ಸ್ಲಾಟೋ?

ಒಂದೇ ಹೆಸರು, ಒಂದೇ ಬಣ್ಣ, ಒಂದೇ ತೂಕ. ಬೆಲೆ ಮಾತ್ರ ನಾಲ್ಕು. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೋದವರಿಗೆ ಮೊದಲು ಎದುರಾಗುವ ಗೊಂದಲ ಇದು. ಕೆಳಗಿನ ಬೆಲೆಯದರಲ್ಲಿ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಮೇಲಿನ ಬೆಲೆಯದರಲ್ಲಿ ಐ7, 16 ಜಿಬಿ, 1 ಟಿಬಿ. ನಡುವೆ ಇನ್ನೆರಡು. "ಸರ್, ಇನ್ನೊಂದು ಹತ್ತು ಸಾವಿರ ಹಾಕಿಬಿಡಿ, ಐ7 ಬರುತ್ತೆ, ಐದು ವರ್ಷ ಚಿಂತೆ ಇಲ್ಲ" ಅನ್ನುತ್ತಾನೆ ಕೌಂಟರಿನ ಹುಡುಗ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹತ್ತು ಸಾವಿರವನ್ನು ಅವನು ತೋರಿಸಿದ ಕಡೆಯೇ ಹಾಕಬೇಕೆ ಎಂಬುದು ಬೇರೆ ಪ್ರಶ್ನೆ.

ಉತ್ತರ ಇರುವುದು ಯಂತ್ರದ ತಳದ ಮುಚ್ಚಳದ ಒಳಗೆ. ಅಲ್ಲಿರುವ ಭಾಗಗಳಲ್ಲಿ ಎರಡು ಬಗೆ. ಕೆಲವು ಮದರ್‌ಬೋರ್ಡಿಗೆ ಬೆಸುಗೆಯಾಗಿ ಕೂತಿರುತ್ತವೆ. ಕಾರ್ಖಾನೆಯಲ್ಲಿ ಏನು ಹಾಕಿದರೋ ಕೊನೆಯವರೆಗೂ ಅದೇ. ಇನ್ನು ಕೆಲವು ಸ್ಲಾಟಿನಲ್ಲಿ ಕೂತಿರುತ್ತವೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹತ್ತು ನಿಮಿಷದಲ್ಲಿ ತೆಗೆದು ಬೇರೆ ಹಾಕಬಹುದು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚುಕಡಿಮೆ ಯಾವಾಗಲೂ ಮೊದಲ ಬಗೆ. ಎಸ್‌ಎಸ್‌ಡಿ ಬಹುತೇಕ ಎರಡನೆಯದು. ರ‍್ಯಾಮ್ ಎರಡೂ ಕಡೆ ಸಿಗುತ್ತದೆ, ತಾಪತ್ರಯ ಶುರುವಾಗುವುದೇ ಅಲ್ಲಿ. ನನ್ನ ಲೆಕ್ಕ ಇಷ್ಟು: ಮುಂದೆ ಬದಲಿಸಲಾಗದ್ದಕ್ಕೆ ಇಂದೇ ಹಣ ಹಾಕಿ, ಬದಲಿಸಬಹುದಾದದ್ದನ್ನು ಮುಂದಕ್ಕೆ ತಳ್ಳಿ. ಈ ಲೆಕ್ಕಕ್ಕೆ ಒಂದು ದೊಡ್ಡ ಅಪವಾದವೂ ಇದೆ, ಅದೇ ಆ ಐ7. ಅಲ್ಲಿಗೆ ಆಮೇಲೆ ಬರೋಣ.

ಮೊದಲು ರ‍್ಯಾಮ್. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಿತಿ 4 ಜಿಬಿ. ಅಷ್ಟರಲ್ಲಿ ಯಂತ್ರ ಶುರುವಾಗುತ್ತದೆ, ಕೆಲಸ ಸಾಗುವುದಿಲ್ಲ. 8 ಜಿಬಿ ಇದ್ದರೂ ವಿಂಡೋಸ್ ಮತ್ತು ಅದರ ಹಿಂದೆ ಸದ್ದಿಲ್ಲದೆ ಓಡುವ ಕಾರ್ಯಕ್ರಮಗಳೇ ಮೂರು-ನಾಲ್ಕು ಜಿಬಿ ನುಂಗುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರಕ್ಕೂ ಇದೇ ರ‍್ಯಾಮಿನಲ್ಲಿ ಪಾಲು ಕೊಡಬೇಕು. ಉಳಿದಷ್ಟರಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬ್, ಒಂದು ವೀಡಿಯೊ ಮೀಟಿಂಗ್, ಎಕ್ಸೆಲ್ ಎಲ್ಲ ನಡೆಯಬೇಕು. ಜಾಗ ತುಂಬಿದಾಗ ಯಂತ್ರ ನಿಂತುಬಿಡುವುದಿಲ್ಲ. ತತ್ಕಾಲಕ್ಕೆ ಬೇಡದ ಮಾಹಿತಿಯನ್ನು ಎಸ್‌ಎಸ್‌ಡಿಗೆ ಸಾಗಿಸಿ, ಬೇಕೆಂದಾಗ ಮರಳಿ ತರುತ್ತದೆ. ರ‍್ಯಾಮಿನಿಂದ ಒಂದು ತುಣುಕು ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಬೇಕಾದರೆ, ಒಳ್ಳೆಯ ಎಸ್‌ಎಸ್‌ಡಿಯಿಂದ ತರಲು 50ರಿಂದ 100 ಮೈಕ್ರೋಸೆಕೆಂಡ್ ಬೇಕು. ಅಂದರೆ ಐನೂರರಿಂದ ಸಾವಿರ ಪಟ್ಟು ತಡ. ಒಲೆ ಕಟ್ಟೆಯ ಮೇಲೆ ಜಾಗವಿಲ್ಲದೆ ಪ್ರತಿ ಪಾತ್ರೆಗೂ ಅಟ್ಟ ಹತ್ತಿ ಇಳಿದು ಅಡುಗೆ ಮಾಡಿದ ಹಾಗೆ. ಆಗ ಪ್ರೊಸೆಸರ್ ಐ5 ಆದರೇನು, ಐ7 ಆದರೇನು, ಕೈಕಟ್ಟಿ ಕಾಯುವುದೊಂದೇ ಅದರ ಕೆಲಸ.

ಇಂಥ ರ‍್ಯಾಮನ್ನು ಬೆಸೆದುಬಿಡುವ ಪದ್ಧತಿ ಹೇಗೆ ಬಂತು? 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೇ 2 ಜಿಬಿ ರ‍್ಯಾಮ್ ಬೋರ್ಡಿಗೆ ಅಂಟಿಕೊಂಡಿತ್ತು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ ಬಂದಾಗ ದುಬಾರಿ ಯಂತ್ರಕ್ಕೂ ಅದೇ ಗತಿ ಬಂತು. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಾಗ ರ‍್ಯಾಮ್ ಬೋರ್ಡನ್ನೂ ಬಿಟ್ಟು ಪ್ರೊಸೆಸರಿನ ಪಕ್ಕಕ್ಕೇ, ಒಂದೇ ಪ್ಯಾಕೇಜಿನೊಳಗೆ ಹೋಗಿ ಕೂತಿತು. 2024ರಲ್ಲಿ ಇಂಟೆಲ್ ಕೂಡ ಲೂನಾರ್ ಲೇಕ್ ಎಂಬ ಚಿಪ್ ಸಾಲಿನಲ್ಲಿ ಇದೇ ಮಾಡಿತು. 16 ಅಥವಾ 32 ಜಿಬಿ, ಎರಡರಲ್ಲಿ ಒಂದನ್ನು ಕೊಳ್ಳುವ ದಿನವೇ ಆರಿಸಬೇಕು.

ಇದನ್ನು ಬರೀ ಕಂಪನಿಗಳ ದುರಾಸೆ ಎಂದು ತಳ್ಳಿಹಾಕುವುದು ಸರಿಯಲ್ಲ. ಬೆಸೆಯುವ ರ‍್ಯಾಮಿನ ಜಾತಿ ಬಹುತೇಕ ಬೇರೆ, ಅದಕ್ಕೆ ಎಲ್‌ಪಿಡಿಡಿಆರ್ ಎಂದು ಹೆಸರು. ತಂತಿಗಳ ಹಾದಿ ಗಿಡ್ಡವಾದಷ್ಟೂ ವಿದ್ಯುತ್ ಕಡಿಮೆ ಸಾಕು, ವೇಗವೂ ಹೆಚ್ಚು. ಬ್ಯಾಟರಿ ಹೆಚ್ಚು ಹೊತ್ತು ಬರುವುದಕ್ಕೆ, ಯಂತ್ರ ತೆಳ್ಳಗಾಗುವುದಕ್ಕೆ ಇದರ ಪಾಲು ನಿಜವಾಗಿಯೂ ಇದೆ. ದುರಾಸೆ ಕಾಣುವುದು ಬೆಲೆಪಟ್ಟಿಯಲ್ಲಿ. ಭಾರತದಲ್ಲಿ ಮ್ಯಾಕ್‌ಬುಕ್ ಏರ್‌ನ 8 ಜಿಬಿಯನ್ನು 16ಕ್ಕೆ ಏರಿಸಲು ಆಪಲ್ ವರ್ಷಗಟ್ಟಲೆ 20,000 ರೂಪಾಯಿ ಕೇಳುತ್ತಿತ್ತು. 2024ರ ಅಕ್ಟೋಬರಿನಲ್ಲಿ ಅದೇ ಯಂತ್ರಕ್ಕೆ ಬೆಲೆ ಏರಿಸದೆ 16 ಜಿಬಿಯನ್ನೇ ಆರಂಭದ ಮಟ್ಟವಾಗಿ ಮಾಡಿತು. ಅದಕ್ಕೂ ಹಿಂದೆ 20,000 ಕೊಟ್ಟವರು ಮೋಸಹೋದರೆ? ಇಲ್ಲ. ಬೆಲೆ ಹೆಚ್ಚಾಯಿತು, ಆದರೆ ಖರ್ಚು ಸರಿಯಾದ ಜಾಗಕ್ಕೇ ಬಿತ್ತು. 8 ಜಿಬಿಯಲ್ಲೇ ಉಳಿದವರಿಗೆ ಈಗ ದಾರಿಯೇ ಇಲ್ಲ.

ಹಾಗಾಗಿ ಕೇಳಬೇಕಾದ ಮೊದಲ ಮಾತು, "ಎಷ್ಟು ಜಿಬಿ?" ಅಲ್ಲ, "ಸ್ಲಾಟ್ ಇದೆಯಾ?" ಎಂದು. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್, ಸೋಲ್ಡರ್ಡ್, ಆನ್‌ಬೋರ್ಡ್ ಎಂಬ ಪದಗಳಿದ್ದರೆ ಅದು ಬೆಸುಗೆ. ಅಂಥದ್ದರಲ್ಲಿ 16 ಜಿಬಿಗಿಂತ ಕಡಿಮೆ ತೆಗೆದುಕೊಳ್ಳಬೇಡಿ. ಕೋಡ್ ಬರೆಯುವವರು, ವೀಡಿಯೊ ಎಡಿಟ್ ಮಾಡುವವರು, ಒಂದೇ ಯಂತ್ರದಲ್ಲಿ ಏಳೆಂಟು ವರ್ಷ ಕಳೆಯುವ ಯೋಚನೆಯವರು 32ಕ್ಕೆ ಹೋಗಬಹುದು. ಎಸ್‌ಒ-ಡಿಮ್ ಎಂದಿದ್ದರೆ ಅದು ಸ್ಲಾಟ್. 8 ಜಿಬಿಯೊಂದಿಗೆ ಶುರುಮಾಡಿ ಇನ್ನೊಂದು ರ‍್ಯಾಮ್ ಪಟ್ಟಿ ಆಮೇಲೆ ಸೇರಿಸಬಹುದು. ಅರ್ಧ ಬೆಸುಗೆ, ಅರ್ಧ ಸ್ಲಾಟ್ ಇರುವ ಮಾದರಿಗಳೂ ಇವೆ, ಅವು ಮಧ್ಯಮ ಬೆಲೆಯಲ್ಲಿ ಒಳ್ಳೆಯ ವ್ಯಾಪಾರ. ಎರಡು ಸ್ಲಾಟಿನ ಯಂತ್ರದಲ್ಲಿ ಒಂದೇ ಪಟ್ಟಿ ಇದ್ದರೆ ಮಾಹಿತಿಯ ಹಾದಿಯೂ ಅರ್ಧವೇ ತೆರೆದಿರುತ್ತದೆ: ಡಿಡಿಆರ್4-3200ರಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡು ಪಟ್ಟಿ ಇದ್ದರೆ 51.2. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರದಲ್ಲಿ ಆಟ ಆಡುವವರ ಕಣ್ಣಿಗೆ ಈ ವ್ಯತ್ಯಾಸ ಬೀಳದೆ ಇರುವುದಿಲ್ಲ.

ಆಮೇಲೆ ಹಾಕಿಸಿದರೆ ಅಗ್ಗ ಎಂಬ ಮಾತು ಬಹುಕಾಲ ನಿಜವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಿಮ್ಮ ಕಣ್ಣೆದುರೇ ರ‍್ಯಾಮ್ ಹಾಕಿ, ಯಂತ್ರ ಶುರುಮಾಡಿ ತೋರಿಸುವ ಅಂಗಡಿಗಳು ಸಾಲುಸಾಲಾಗಿವೆ. ಕಂಪನಿಯ ದರಕ್ಕಿಂತ ಅಲ್ಲಿ ಕೈಗೆಟಕುವ ದರ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಲೆಕ್ಕ ಏರುಪೇರಾಯಿತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ದರ ದಿಢೀರನೆ ಏರಿತು. ಚಿಪ್ ತಯಾರಿಸುವ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಷಿಯಲ್ ಎಂಬ ತನ್ನ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಾಗಿ ಸ್ಲಾಟ್ ಇದ್ದರೂ ಕೊಳ್ಳುವ ದಿನ ಎರಡೂ ದರ ಹೋಲಿಸಿ ನೋಡಿ. ಕಂಪನಿಯೇ ಹಾಕಿಕೊಡುವುದು ಅಗ್ಗವಾಗಿ ಬೀಳುವ ಕಾಲವೂ ಬರುತ್ತದೆ.

ಈಗ ಆ ಐ7. ಪ್ರೊಸೆಸರ್ ಬೆಸುಗೆಯಾದ ಭಾಗ. ನನ್ನ ಸೂತ್ರದ ಪ್ರಕಾರ ಅದಕ್ಕೇ ಹಣ ಸುರಿಯಬೇಕಿತ್ತು. ಆದರೆ ಅಂಕಿಗಳನ್ನು ನೋಡಿ. ಇಂಟೆಲ್‌ನ 13ನೇ ತಲೆಮಾರಿನ ಐ5-1335ಯು ಮತ್ತು ಐ7-1355ಯು ಎರಡರಲ್ಲೂ ಹತ್ತು ಕೋರ್, ಅದರಲ್ಲಿ ಎರಡು ದೊಡ್ಡವು, ಎಂಟು ಚಿಕ್ಕವು. ಎರಡರ ಕ್ಯಾಶ್ 12 ಎಂಬಿ, ಎರಡರ ಮೂಲ ವಿದ್ಯುತ್ ಮಿತಿ 15 ವ್ಯಾಟ್. ಮುಖ್ಯ ವ್ಯತ್ಯಾಸ ಗರಿಷ್ಠ ವೇಗದಲ್ಲಿ: 4.6 ಗಿಗಾಹರ್ಟ್ಸ್‌ಗೆ ಬದಲು 5.0. ಶೇಕಡಾ ಒಂಬತ್ತರಷ್ಟೂ ಇಲ್ಲ. ಆ ಗರಿಷ್ಠ ವೇಗವೂ ಕೆಲವು ಸೆಕೆಂಡಿನ ಓಟ. ತೆಳ್ಳನೆಯ ಯಂತ್ರದಲ್ಲಿ ಬಿಸಿ ಏರುತ್ತಿದ್ದಂತೆ ಎರಡೂ ಒಂದೇ ಮಟ್ಟಕ್ಕೆ ಇಳಿಯುತ್ತವೆ. ನುಡಿ ತಂತ್ರಾಂಶದಲ್ಲಿ ಬರೆಯುವವರಿಗೆ, ಬ್ಯಾಂಕ್ ಕೆಲಸ ಮಾಡುವವರಿಗೆ, ಆನ್‌ಲೈನ್ ಪಾಠ ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಸ್ಟಿಕರಿನ ಮೇಲಿನ ದೊಡ್ಡ ಅಂಕಿಗಿಂತ ಅದರ ಹಿಂದಿನ ಸಣ್ಣ ಅಂಕಿಗಳಲ್ಲಿ ಗುಟ್ಟು ಹೆಚ್ಚು. ಎಎಂಡಿಯ ರೈಜೆನ್ 5 7520ಯು ಹೆಸರು ಕೇಳಿದರೆ ಹೊಸದೆನಿಸುತ್ತದೆ. ಅದರ ಮೂರನೆಯ ಅಂಕಿ 2 ಎಂದರೆ ಜೆನ್ 2 ವಿನ್ಯಾಸ, ಅದು ಹುಟ್ಟಿದ್ದು 2019ರಲ್ಲಿ. ಅದೇ ಸಾಲಿನ 7530ಯು ಜೆನ್ 3. 7540ಯು ಜೆನ್ 4. ಒಂದೇ ರೈಜೆನ್ 5 ಹೆಸರಿನಡಿ ಮೂರು ತಲೆಮಾರು! ತಲೆಮಾರು ಯಾಕೆ ಮುಖ್ಯ ಎಂಬುದಕ್ಕೆ 2025ರ ಅಕ್ಟೋಬರ್ 14 ಸಾಕ್ಷಿ. ಅಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಇಂಟೆಲ್‌ನ 8ನೇ ತಲೆಮಾರಿನ ಐ3-8130ಯು ಇದೆ. 7ನೇ ತಲೆಮಾರಿನ ಬಲಾಢ್ಯ ಐ7-7700ಎಚ್‌ಕ್ಯೂ ಇಲ್ಲ. ಹೆಚ್ಚು ದುಡ್ಡು ಕೊಟ್ಟವನು ಹೊರಗೆ, ಕಡಿಮೆ ಕೊಟ್ಟವನು ಒಳಗೆ. ಆದ್ದರಿಂದ ಹಳೆಯ ತಲೆಮಾರಿನ ಐ7ಕ್ಕಿಂತ ಹೊಸ ತಲೆಮಾರಿನ ಐ5 ಮೇಲು.

ಈಚೆಗೆ ಎನ್‌ಪಿಯು ಎಂಬ ಎಐ ಚಿಪ್ಪಿನ ಹೆಸರಲ್ಲೂ ಹೆಚ್ಚು ಬೆಲೆ ಕೇಳುತ್ತಾರೆ. ಮೈಕ್ರೋಸಾಫ್ಟ್ 2024ರಲ್ಲಿ ತಂದ ಕೋಪೈಲಟ್ ಪ್ಲಸ್ ಪಿಸಿ ಎಂಬ ಮುದ್ರೆಗೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಎನ್‌ಪಿಯು ಬೇಕು. ಸದ್ಯಕ್ಕೆ ಅದೊಂದಕ್ಕಾಗಿ ಹಣ ಹಾಕಬೇಕೆಂದು ನನಗನ್ನಿಸುವುದಿಲ್ಲ. ಅದೇ ಮುದ್ರೆಗೆ ಕನಿಷ್ಠ 16 ಜಿಬಿ ರ‍್ಯಾಮ್ ಬೇಕೆಂಬ ಷರತ್ತೂ ಇದೆ, ಕೊಳ್ಳುವವರಿಗೆ ಅದರಿಂದ ಆದ ಉಪಕಾರ ಅದೇ.

ಗ್ರಾಫಿಕ್ಸ್ ಕಾರ್ಡ್ ಬೇಕೋ ಬೇಡವೋ ಎಂಬುದು ಕೆಲಸ ಹೇಳುತ್ತದೆ. ಆಟ, ತ್ರೀಡಿ, ವೀಡಿಯೊ ಎಡಿಟಿಂಗ್ ಇಲ್ಲವಾದರೆ ಬೇಡ. ಬೇಕಾದವರು ಚಿಪ್ಪಿನ ಹೆಸರಿಗಿಂತ ಅದಕ್ಕೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ನೋಡಬೇಕು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ 35ರಿಂದ 115 ವ್ಯಾಟ್‌ವರೆಗೆ ಯಾವ ಮಿತಿಯಲ್ಲಾದರೂ ಬರಬಹುದು. ಎರಡು ತುದಿಯ ಯಂತ್ರಗಳ ಮೇಲೂ ಸ್ಟಿಕರ್ ಒಂದೇ. ಅದಕ್ಕಿಂತ ಮೇಲಿನ 4070 ಲ್ಯಾಪ್‌ಟಾಪ್ ಚಿಪ್‌ನಲ್ಲೂ ಮೆಮೊರಿ ಇರುವುದು ಅದೇ 8 ಜಿಬಿ. ಹಾಗಾಗಿ ವ್ಯಾಟ್ ಕಡಿಮೆಯಿರುವ 4070ಕ್ಕಿಂತ ಒಳ್ಳೆಯ ಫ್ಯಾನ್, ಪೂರ್ತಿ ವ್ಯಾಟ್ ಇರುವ 4060 ವಾಸಿ.

ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 512 ಜಿಬಿ ತೆಗೆದುಕೊಳ್ಳಿ (ವಿಂಡೋಸ್ ಅದನ್ನು 476 ಎಂದು ತೋರಿಸುತ್ತದೆ, ಕಳವಾಗಿಲ್ಲ, ಎಣಿಸುವ ಕ್ರಮ ಬೇರೆ ಅಷ್ಟೆ). ತುಂಬಿದ ಮೇಲೆ ದೊಡ್ಡದನ್ನು ಹಾಕಿಸಬಹುದು. ಸ್ಲಾಟಿಗೆ ಹಿಡಿಸುವ ಉದ್ದ ಮಾತ್ರ ನೋಡಿಕೊಳ್ಳಿ, 80, 42, 30 ಮಿಲಿಮೀಟರಿನವು ಬೇರೆಬೇರೆ. ಪಿಸಿಐಇ 3 ಬಗೆಯ ಎಸ್‌ಎಸ್‌ಡಿಯ ಸೆಕೆಂಡಿಗೆ 3,500 ಎಂಬಿ ವೇಗಕ್ಕೂ ಪಿಸಿಐಇ 4ರ 7,000ಕ್ಕೂ ಇರುವ ಅಂತರ ದಿನಬಳಕೆಯಲ್ಲಿ ಅನುಭವಕ್ಕೆ ಬರುವುದಿಲ್ಲ, ಅದಕ್ಕೆ ದುಡ್ಡು ಬೇಡ. ತೀರ ಅಗ್ಗದ ಯಂತ್ರಗಳಲ್ಲಿ ಇಎಂಎಂಸಿ ಎಂಬ ಬೆಸುಗೆಯ ಸಂಗ್ರಹ ಇರುತ್ತದೆ, ಅದನ್ನು ಕಂಡರೆ ಮುಂದೆ ನಡೆಯಿರಿ. ಮ್ಯಾಕ್‌ಬುಕ್‌ನಲ್ಲಿ ಸಂಗ್ರಹವೂ ಕೊಂಡಷ್ಟೇ, ಅಲ್ಲಿ ಮೊದಲೇ ಲೆಕ್ಕ ಹಾಕಬೇಕು. ಟಚ್ ಸ್ಕ್ರೀನ್, ಬಣ್ಣಬಣ್ಣದ ಕೀಲಿಮಣೆ, ಹೊಸ ವೈ-ಫೈ ಇವೆಲ್ಲ ಇದ್ದರೆ ಇರಲಿ.

ಬೆಲೆಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿ ಕೂತಿರುವ, ಆದರೆ ನಾನು ಹಣ ಹಾಕುವ ಜಾಗ ಪರದೆ. ಒಂದೇ ಮಾದರಿಗೆ ಎರಡು ಬಗೆಯ ಪರದೆ ಹಾಕಿ ಮಾರುವುದು ಸಾಮಾನ್ಯ. ಅಗ್ಗದ್ದರಲ್ಲಿ ಹೊಳಪು 250 ನಿಟ್ಸ್, ಬಣ್ಣ 45% ಎನ್‌ಟಿಎಸ್‌ಸಿ ಎಂದಿರುತ್ತದೆ. ಅಂಥದ್ದರ ಎದುರು ಹಗಲು ಕಿಟಕಿಯ ಪಕ್ಕ ಕೂತರೆ ಅಕ್ಷರಕ್ಕಿಂತ ನಿಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ. ಕೆಂಪು ಕುಂಕುಮ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. 300ರಿಂದ 400 ನಿಟ್ಸ್, 100% ಎಸ್‌ಆರ್‌ಜಿಬಿ ಇರುವ ಪರದೆಗೆ ಕೆಲವು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ದಿನದ ಪ್ರತಿ ನಿಮಿಷ ನೋಡುವುದು ಅದನ್ನೇ. 14 ಇಂಚಿನಲ್ಲಿ 4ಕೆ ಮಾತ್ರ ಬ್ಯಾಟರಿ ತಿನ್ನುವ ಆಡಂಬರ.

ಬ್ಯಾಟರಿಯನ್ನು "ಹತ್ತು ಗಂಟೆ ಬರುತ್ತೆ" ಎಂಬ ಮಾತಿನಿಂದ ಅಳೆಯಬೇಡಿ, ವ್ಯಾಟ್-ಅವರ್‌ನಿಂದ ಅಳೆಯಿರಿ. ಸಾಧಾರಣ ಬರವಣಿಗೆ, ಬ್ರೌಸಿಂಗ್‌ಗೆ ಯಂತ್ರ 8 ವ್ಯಾಟ್ ಎಳೆದರೆ 42 ವ್ಯಾಟ್-ಅವರ್‌ನದು ಐದು ಗಂಟೆ ಚಿಲ್ಲರೆ ಬರುತ್ತದೆ, 56ರದು ಏಳು ಗಂಟೆ. ಬ್ಯಾಟರಿ ಬದಲಿಸಬಹುದಾದ ಭಾಗವೇ, ಆದರೆ ಎಷ್ಟೋ ಮಾದರಿಗಳಲ್ಲಿ ಚಿಕ್ಕದು ಕೂತಿದ್ದ ಜಾಗಕ್ಕೆ ದೊಡ್ಡದು ಹಿಡಿಸುವುದಿಲ್ಲ. ಮೂರು ವರ್ಷದ ನಂತರ ಸಾಮರ್ಥ್ಯ ಕುಗ್ಗುವುದು ಖಚಿತ, ಆಗ ಎಷ್ಟು ಉಳಿಯುತ್ತದೆ ಎಂಬುದು ಶುರುವಿನಲ್ಲಿ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ. ಪದೇಪದೇ ಕರೆಂಟ್ ಹೋಗುವ ಊರಿನವರಿಗೆ ಇದು ಐ7ಕ್ಕಿಂತ ಎಷ್ಟೋ ಹತ್ತಿರದ ವಿಷಯ.

ಇಷ್ಟೆಲ್ಲ ವಿವರ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ಮಾದರಿವಾರು ಸರ್ವಿಸ್ ಕೈಪಿಡಿಗಳನ್ನು ತಮ್ಮ ಜಾಲತಾಣದಲ್ಲಿ ಇಟ್ಟಿರುತ್ತವೆ; ಸ್ಲಾಟ್ ಎಷ್ಟು, ಯಾವ ಉದ್ದದ ಎಸ್‌ಎಸ್‌ಡಿ ಹಿಡಿಸುತ್ತದೆ ಎಂಬುದು ಅಲ್ಲಿ ಚಿತ್ರಸಹಿತ ಸಿಗುತ್ತದೆ. ಮುಚ್ಚಳ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಕೊಳ್ಳುವ ಮೊದಲೇ ಕೇಳಿ, ಉತ್ತರ ಬಿಲ್ಲಿನ ಮೇಲೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಮನೆಗೆ ತಂದ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿ ನೋಡಿ. ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದರ ಜೊತೆ, ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ ಎಸ್‌ಒ-ಡಿಮ್ ಎಂದೋ "ರೋ ಆಫ್ ಚಿಪ್ಸ್" ಎಂದೋ ಇರುತ್ತದೆ. ಎರಡನೆಯದು ಬೆಸುಗೆಯ ಗುರುತು. ಆಮೇಲೆ ರ‍್ಯಾಮ್ ಹಾಕಿಸಬಹುದು ಎಂಬ ಮಾತು ನಂಬಿ 8 ಜಿಬಿ ತಂದಿದ್ದು, ಅಲ್ಲಿ ಸ್ಲಾಟಿನ ಸುಳಿವೇ ಇಲ್ಲದಿದ್ದರೆ, ಡಬ್ಬ ಬಿಸಾಡಬೇಡಿ. ಮರಳಿಸುವ ಗಡುವು ಮುಗಿಯುವ ಮೊದಲೇ ಅಂಗಡಿಗೆ ಫೋನ್ ಮಾಡಿ.