ಹಡಗಿನ ಇಂಜಿನ್ ಕೋಣೆಯಲ್ಲಿ ‘ಸದ್ಯಕ್ಕ ನಡಿತೈತಿ’ ನಡೆಯೋದಿಲ್ಲ: ಪಂಪ್‌ಸೆಟ್ ಇದ್ದವರು ಓದಲೇಬೇಕು

ಹಾರೂಗೇರಿ: ತ್ರೀ ಫೇಸ್ ಕರೆಂಟ್ ಕೈಕೊಟ್ಟು ಕಬ್ಬು ಬಾಡತೊಡಗಿದಾಗಲೇ ಶೆಡ್ಡಿನ ಮೂಲೆಯ ಡೀಸೆಲ್ ಇಂಜಿನ್ ನೆನಪಾಗೋದು. ಹ್ಯಾಂಡಲ್ ಹಾಕಿ ಹತ್ತು ಸಲ ತಿರುವಿದರೂ ಬರೀ ಬಿಳಿ ಹೊಗೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಸೇರಿರುತ್ತದೆ, ಫಿಲ್ಟರ್ ಯಾವ ಕಾಲದ್ದೋ ಏನೋ. ಆಗ ನಾವು ಮೆಕ್ಯಾನಿಕ್‌ಗೆ ಫೋನ್ ಹಚ್ಚುತ್ತೇವೆ. ಆದರೆ ನಡುಸಮುದ್ರದಲ್ಲಿ ಇದೇ ಡೀಸೆಲ್ ಇಂಜಿನ್ ಕೆಟ್ಟರೆ ಯಾರಿಗೆ ಫೋನ್ ಹಚ್ಚೋದು?

ಹೌದು, ದೊಡ್ಡ ದೊಡ್ಡ ಸರಕು ಹಡಗುಗಳನ್ನು ಓಡಿಸೋದೂ ಡೀಸೆಲ್ ಇಂಜಿನ್ನೇ. ಗಾಳಿಯನ್ನು ಒತ್ತಿ ಕಾಯಿಸಿ, ಅದರೊಳಗೆ ಎಣ್ಣೆ ಚಿಮ್ಮಿಸಿ ಉರಿಸುವ ತತ್ವ ಎರಡಕ್ಕೂ ಒಂದೇ. ನಮ್ಮ ಕಡೆ ಡೀಸೆಲ್ ಇಂಜಿನ್ ಅಂದರೆ ಮೊದಲು ಬಾಯಿಗೆ ಬರುವ ಹೆಸರು ಕಿರ್ಲೋಸ್ಕರ್. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಇಟ್ಟ ಸೈಕಲ್ ಅಂಗಡಿಯೇ ಆ ಉದ್ಯಮದ ಮೂಲ ಅನ್ನೋದು ಜಿಲ್ಲೆಯ ಹಿರಿಯರಿಗೆ ಗೊತ್ತು. ಹೊಲದ 5 ಎಚ್‌ಪಿ ಇಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ದೊಡ್ಡ ಹಡಗಿನದ್ದು ನೂರರ ಆಸುಪಾಸು, ಅಷ್ಟೇ. ಆದರೆ 2006ರಲ್ಲಿ ನೀರಿಗಿಳಿದ ಎಮ್ಮಾ ಮೆರ್ಸ್ಕ್ ಹಡಗಿನ ಇಂಜಿನ್ ತೂಕ ಸುಮಾರು 2300 ಟನ್, ಶಕ್ತಿ 1 ಲಕ್ಷ ಎಚ್‌ಪಿಗೂ ಹೆಚ್ಚು! ಇಂಥ ಇಂಜಿನ್‌ಗಳಿಗೆ ಗೇರ್ ಬಾಕ್ಸ್ ಇರೋದಿಲ್ಲ. ಹಡಗು ಹಿಂದಕ್ಕೆ ಹೋಗಬೇಕಾದರೆ ಇಂಜಿನ್ ನಿಲ್ಲಿಸಿ ಉಲ್ಟಾ ದಿಕ್ಕಿಗೆ ಚಾಲೂ ಮಾಡುತ್ತಾರೆ.

ಚಾಲೂ ಮಾಡೋದು ಸುಮಾರು 30 ಬಾರ್ ಒತ್ತಡದ ಗಾಳಿಯಿಂದ. ಕಾರಿನ ಟೈರಿನಲ್ಲಿ ಇರೋದು ಎರಡು ಬಾರ್ ಚಿಲ್ಲರೆ, ಲೆಕ್ಕ ಹಾಕಿ. ಅದಕ್ಕೂ ಮೊದಲು ಆಯಿಲ್ ಪಂಪ್ ಓಡಿಸಿ ಬೇರಿಂಗ್‌ಗಳಿಗೆ ಆಯಿಲ್ ಮುಟ್ಟಿಸುತ್ತಾರೆ, ಇಂಜಿನ್ ಬೆಚ್ಚಗೆ ಮಾಡುತ್ತಾರೆ, ಮೋಟಾರಿನಿಂದ ನಿಧಾನಕ್ಕೆ ಸುತ್ತಿಸಿ ಸಿಲಿಂಡರಿನಲ್ಲಿ ನೀರು ನಿಂತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ನೀರು ಗಾಳಿಯಂತೆ ಒತ್ತಿದರೆ ಕುಗ್ಗೋದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಹಳ ದಿನ ನಿಂತ ಪಂಪ್‌ಸೆಟ್ಟನ್ನೂ ಡಿಕಂಪ್ರೆಷನ್ ಲಿವರ್ ಎತ್ತಿ ಕೈಯಿಂದ ನಾಲ್ಕು ಸುತ್ತು ತಿರುವಿ, ಆಮೇಲೆ ಹಚ್ಚೋದು ಇದೇ ಕಾರಣಕ್ಕೆ ಒಳ್ಳೆಯದು.

ಇನ್ನು ಎಣ್ಣೆ. ಅನೇಕ ಹಡಗುಗಳು ಉರಿಸೋದು ಡಾಂಬರಿನಂಥ ದಪ್ಪ ಎಣ್ಣೆ. ಅದನ್ನು ಕಾಯಿಸಿ, ಗರಗರ ತಿರುಗುವ ಯಂತ್ರಕ್ಕೆ ಬಿಟ್ಟು ನೀರು, ಕೆಸರು ಬೇರೆ ಮಾಡುತ್ತಾರೆ. ಡೇರಿಯಲ್ಲಿ ಹಾಲಿನ ಕೆನೆ ತೆಗೆಯುವ ಯಂತ್ರದ್ದೂ ಇದೇ ತತ್ವ. ಇಂಜೆಕ್ಟರ್ ಹೊತ್ತಿಗೆ ಎಣ್ಣೆ 120 ಡಿಗ್ರಿ ದಾಟಿರುತ್ತದೆ. ನಮ್ಮ ಡೀಸೆಲ್‌ಗೆ ಇಷ್ಟೆಲ್ಲಾ ಬೇಕಿಲ್ಲ. ಕ್ಯಾನ್‌ನಿಂದ ಸುರಿಯುವಾಗ ಸೋಸಿ, ಟ್ಯಾಂಕಿನ ತಳದ ನೀರು ಆಗಾಗ ಬಸಿದು, ಫಿಲ್ಟರ್ ವೇಳೆಗೆ ಬದಲಿಸಿದರೆ ಸಾಕು. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಫ್ಯೂಯಲ್ ಪಂಪ್ ಕಳೆದುಕೊಳ್ಳುವವರೇ ಜಾಸ್ತಿ.

ತಣ್ಣೀರಿನ ವಿಷಯದಲ್ಲಂತೂ ಹಡಗಿನವರು ಭಾರೀ ಕಟ್ಟುನಿಟ್ಟು. ಇಂಜಿನ್ನೊಳಗೆ ಉಪ್ಪುನೀರು ಬಿಡೋದೇ ಇಲ್ಲ. ಔಷಧ ಬೆರೆಸಿದ ಸಿಹಿನೀರು ಒಳಗೆ ಸುತ್ತುತ್ತದೆ, ಅದನ್ನು ತಣ್ಣಗೆ ಮಾಡಲು ಮಾತ್ರ ಸಮುದ್ರದ ನೀರು. ನಮ್ಮಲ್ಲಿ ಬೋರ್‌ವೆಲ್‌ನ ಗಡಸು ನೀರೇ ನೇರ ಹೋಗುತ್ತದೆ. ಒಳಗೆ ಸುಣ್ಣದಂಥ ಪೊರೆ ಕಟ್ಟಿ, ಇಂಜಿನ್ ಗರಂ ಆಗುತ್ತದೆ. ಗರಂ ಆದ ಇಂಜಿನ್‌ಗೆ ತಕ್ಷಣ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಇಷ್ಟು ಶಿಸ್ತಿದ್ದರೂ ಒಂದು ಸಣ್ಣ ಕಸರು ಎಲ್ಲಿಗೆ ಮುಟ್ಟಿಸುತ್ತದೆ ಅನ್ನೋದಕ್ಕೆ ಡಾಲಿ ಹಡಗಿನ ಘಟನೆ ಇದೆ. 2024ರ ಮಾರ್ಚ್ 26ರ ನಸುಕಿನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆ ಹಡಗು ಸೇತುವೆಗೆ ಗುದ್ದಿತು. ಸಿಬ್ಬಂದಿ ಬಹುತೇಕ ಭಾರತೀಯರು. ಸೇತುವೆ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2025ರ ನವೆಂಬರ್‌ನಲ್ಲಿ ಹೇಳಿದ ಕಾರಣ: ಒಂದು ಸಡಿಲ ವೈರ್. ವೈರಿಗೆ ಸುತ್ತಿದ್ದ ಹೆಸರಿನ ಪಟ್ಟಿ ಅಡ್ಡ ಬಂದು ಅದು ಪೂರ್ತಿ ಒಳಗೆ ಕೂತಿರಲಿಲ್ಲ. ಕರೆಂಟ್ ಹೋಯಿತು, ನೀರಿನ ಪಂಪ್ ನಿಂತಿತು, ಮುಖ್ಯ ಇಂಜಿನ್ ತಾನಾಗಿಯೇ ಬಂದ್ ಆಯಿತು. ಕರೆಂಟ್ ಬಂದರೂ ಮತ್ತೆ ಹೋಯಿತು. ಯಾಕಂದ್ರ, ಜನರೇಟರ್‌ಗೆ ಡೀಸೆಲ್ ಕೊಡುತ್ತಿದ್ದದ್ದು ಬೇರೆ ಕೆಲಸಕ್ಕೆಂದು ಇದ್ದ ಪಂಪ್. ಅದು ತಾನಾಗಿ ಮತ್ತೆ ಚಾಲೂ ಆಗುವಂಥದ್ದಲ್ಲ. ‘ಸದ್ಯಕ್ಕ ನಡಿತೈತಿ ಬಿಡು’ ಅಂತೀವಲ್ಲ, ಅದೇ.

ಹಡಗಿನವರ ಒಂದು ರೂಢಿ ಮಾತ್ರ ನಮಗೆ ಪೂರಾ ಪುಕ್ಕಟೆ ಸಿಗುತ್ತದೆ. ಅವರು ರಿಪೇರಿಯನ್ನು ತಿಂಗಳ ಮೇಲೆ ಲೆಕ್ಕ ಹಾಕೋದಿಲ್ಲ, ಇಂಜಿನ್ ಓಡಿದ ಗಂಟೆಗಳ ಮೇಲೆ ಹಾಕುತ್ತಾರೆ. ಶೆಡ್ಡಿನ ಗೋಡೆಗೆ ಒಂದು ಹಳೆ ನೋಟ್‌ಬುಕ್ ತೂಗುಹಾಕಿ, ಎಷ್ಟು ತಾಸು ಓಡಿತು, ಆಯಿಲ್ ಯಾವಾಗ ಬದಲಿಸಿದೆವು, ಹೊಗೆ ಯಾವ ಬಣ್ಣದ್ದಿತ್ತು ಎಂದು ಬರೆದಿಡಿ. ಕಪ್ಪು ಹೊಗೆ ಅಂದರೆ ಎಣ್ಣೆ ಹೆಚ್ಚು ಇಲ್ಲವೇ ಗಾಳಿ ಕಡಿಮೆ, ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಮೆಕ್ಯಾನಿಕ್ ಬಂದಾಗ ಮೊದಲು ಆ ನೋಟ್‌ಬುಕ್ ಅವರ ಕೈಗೆ ಕೊಡಿ, ಅರ್ಧ ಇಂಜಿನ್ ಬಿಚ್ಚೋದು ತಪ್ಪುತ್ತದೆ.