ಯೊರುಬ ನುಡಿಯ ಬಿಷಪ್

ಆಫ್ರಿಕದ ಜನರಿಗೆ ಕ್ರೈಸ್ತಧರ್ಮವನ್ನು ಯುರೋಪಿನ ಬಿಳಿಯರೇ ಹಡಗಿನಲ್ಲಿ ತಂದುಕೊಟ್ಟರೆಂದು ನಮ್ಮಲ್ಲಿ ಅನೇಕರು ತಿಳಿದಿರುವುದುಂಟು. ಇದು ಅರ್ಧ ಸತ್ಯ ಮಾತ್ರ. ಇಥಿಯೋಪಿಯದ ಅಕ್ಸುಮ್ ರಾಜ್ಯದ ಅರಸನಾದ ಏಜಾನನು ಕ್ರಿ. ಶ. 4ನೆಯ ಶತಮಾನದಲ್ಲಿಯೇ ಕ್ರೈಸ್ತನಾಗಿ, ತನ್ನ ನಾಣ್ಯಗಳ ಮೇಲೆ ಶಿಲುಬೆಯ ಗುರುತನ್ನು ಅಚ್ಚೊತ್ತಿಸಿದನು. ಇಂಗ್ಲಿಷರ ಅರಸರು ಕ್ರೈಸ್ತರಾದುದು ಇದಕ್ಕಿಂತ ಇನ್ನೂರು ವರ್ಷಗಳಿಗೂ ಮೀರಿ ತಡವಾಗಿ!

ಪಶ್ಚಿಮ ಆಫ್ರಿಕದ ಕಥೆ ಬೇರೆ. ಅಲ್ಲಿಗೆ ಈ ಧರ್ಮವೂ ಗುಲಾಮರ ವ್ಯಾಪಾರವೂ ಒಂದೇ ಸಮುದ್ರದ ದಾರಿಯಲ್ಲಿ ಬಂದವು. ಬೈಬಲನ್ನು ಓದುವವರೇ ಮನುಷ್ಯರಿಗೆ ಸಂಕೋಲೆ ತೊಡಿಸಿ ಒಯ್ಯುತ್ತಿದ್ದರು. ಹೀಗಿರುವಾಗ ಆ ಧರ್ಮವನ್ನು ಅಲ್ಲಿಯ ಜನ ತಮ್ಮದೆಂದು ಒಪ್ಪಿಕೊಂಡುದಾದರೂ ಹೇಗೆ? ಒಬ್ಬರ ಬಾಳಿನ ಕಥೆಯನ್ನು ನೋಡೋಣ.

ಈಗಿನ ನೈಜೀರಿಯದಲ್ಲಿರುವ ಯೊರುಬ ನಾಡಿನ ಒಸೊಗುನ್ ಎಂಬ ಊರಿಗೆ 1821ರಲ್ಲಿ ಗುಲಾಮರನ್ನು ಹಿಡಿಯುವ ದಂಡು ನುಗ್ಗಿತು. ಅಜಾಯಿ ಎಂಬ ಹುಡುಗ ತಾಯಿ, ತಂಗಿಯರೊಡನೆ ಸೆರೆಸಿಕ್ಕಿದ. ಅವನನ್ನು ಮೊದಲು ಒಂದು ಕುದುರೆಗೆ ಬದಲಾಗಿ ಕೊಟ್ಟರು. ಕುದುರೆ ಹಿಡಿಸಲಿಲ್ಲವೆಂದು ಹುಡುಗನನ್ನು ಹಿಂದಕ್ಕೆ ತಂದರು. ಆಮೇಲೆ ಹಲವು ಕೈ ದಾಟಿ 1822ರಲ್ಲಿ ಪೋರ್ಚುಗೀಸರ ಹಡಗನ್ನು ಸೇರಿದ. ಆ ವೇಳೆಗೆ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದ ಬ್ರಿಟಿಷರ ಯುದ್ಧನೌಕೆ ಆ ಹಡಗನ್ನು ತಡೆದು, ಎಲ್ಲರನ್ನೂ ಬಿಡಿಸಿ, ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಇಳಿಸಿತು. ಅಲ್ಲಿಯ ಮಿಷನ್ ಶಾಲೆಯಲ್ಲಿ ಹುಡುಗ ಸುಮಾರು ಆರು ತಿಂಗಳಲ್ಲಿ ಓದಲು ಕಲಿತ. 1825ರಲ್ಲಿ ದೀಕ್ಷಾಸ್ನಾನ ಪಡೆದು ಸಾಮ್ಯುಯೆಲ್ ಕ್ರೌದರ್ ಎಂಬ ಹೆಸರನ್ನು ಹೊಂದಿದ.

ಮುಂದೆ ಕ್ರೌದರರು 1843ರಲ್ಲಿ ಪಾದ್ರಿಯಾದರು. ಅದೇ ವರ್ಷ ಯೊರುಬ ಶಬ್ದಸಂಗ್ರಹವೊಂದನ್ನು ಪ್ರಕಟಿಸಿದರು. ಮರುವರ್ಷ ಜನವರಿಯಲ್ಲಿ ಫ್ರೀಟೌನಿನಲ್ಲಿ ಮೊದಲ ಬಾರಿಗೆ ಯೊರುಬದಲ್ಲಿಯೇ ಧರ್ಮಬೋಧೆ ಮಾಡಿದರು. ತಮ್ಮಂತೆಯೇ ಬಿಡುಗಡೆಗೊಂಡು ಅಲ್ಲಿ ನೆಲೆಸಿದ್ದ ಯೊರುಬರು ದೇವರ ಮಾತನ್ನು ತಾಯ್ನುಡಿಯಲ್ಲಿ ಕೇಳಿದ ಆ ಗಳಿಗೆಯನ್ನು ನಾವು ಊಹಿಸಿಕೊಳ್ಳಬಹುದು.

1846ರಲ್ಲಿ ಅವರು ಯೊರುಬ ನಾಡಿನ ಅಬೆಯೊಕುಟಕ್ಕೆ ಹೋದರು. ಇಪ್ಪತ್ತೈದು ವರ್ಷಗಳ ಹಿಂದೆ ಅಗಲಿದ್ದ ತಾಯಿ ಅಲ್ಲಿ ಸಿಕ್ಕಿದರು! ಇಬ್ಬರಿಗೂ ಬಹಳ ಹೊತ್ತು ಮಾತೇ ಹೊರಡಲಿಲ್ಲವಂತೆ. ಎರಡು ವರ್ಷಗಳ ತರುವಾಯ ಆ ತಾಯಿಯೂ ದೀಕ್ಷಾಸ್ನಾನ ಪಡೆದರು.

ಬೈಬಲನ್ನು ಯೊರುಬಕ್ಕೆ ತರುವ ಕೆಲಸ ಸುಲಭವಾಗಿರಲಿಲ್ಲ. ನಮ್ಮಲ್ಲಿ 'ಬೆಳೆ' ಎಂದರೆ ಒಂದು, 'ಬೇಳೆ' ಎಂದರೆ ಇನ್ನೊಂದು. ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಕೆಡುತ್ತದೆ. ಯೊರುಬದಲ್ಲಿ ದನಿಯನ್ನು ಏರಿಸುವುದು ಇಳಿಸುವುದರಿಂದಲೇ ಅರ್ಥ ಬದಲಾಗುತ್ತದೆ. 'ಒಕೊ' ಎಂಬ ಮಾತಿಗೆ ಒಂದು ದನಿಯಲ್ಲಿ ಗಂಡ, ಇನ್ನೊಂದರಲ್ಲಿ ಗುದ್ದಲಿ, ಮತ್ತೊಂದರಲ್ಲಿ ದೋಣಿ ಎಂಬ ಅರ್ಥ. ರೋಮನ್ ಅಕ್ಷರಗಳು ಇದಕ್ಕೆ ಸಾಲವು. ಆದುದರಿಂದ ಅಕ್ಷರಗಳ ಮೇಲೆ ದನಿಯ ಗುರುತುಗಳನ್ನೂ ಕೆಳಗೆ ಚುಕ್ಕಿಗಳನ್ನೂ ಇಡಬೇಕಾಯಿತು. ದೇವರಿಗೆ ಏನೆನ್ನಬೇಕು? ಹೊಸ ಹೆಸರನ್ನು ಹೊರಗಿನಿಂದ ತರಲಿಲ್ಲ. ಆಕಾಶದ ಒಡೆಯನೆಂದು ಜನ ಮೊದಲಿನಿಂದಲೂ ಕರೆಯುತ್ತಿದ್ದ 'ಒಲೊರುನ್' ಎಂಬ ಹೆಸರೇ ನಿಂತಿತು. ಕ್ರೌದರರು ಗಾದೆಗಳನ್ನೂ ಹಿರಿಯರ ಮಾತುಗಳನ್ನೂ ಕಿವಿಗೊಟ್ಟು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. 1862ರಲ್ಲಿ ಮನೆಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂಡಿಸಿದ ಆ ಬರಹಗಳು ಸುಟ್ಟುಹೋದರೂ ಕೆಲಸವನ್ನು ಬಿಡಲಿಲ್ಲ. ಸಂಗಡಿಗರ ನೆರವಿನಿಂದ ಇಡೀ ಬೈಬಲ್ 1884ರಲ್ಲಿ ಯೊರುಬದಲ್ಲಿ ಬಂದಿತು.

ನಮ್ಮ ಕಾಸರಗೋಡು ಮಂಗಳೂರು ಕಡೆಯವರಿಗೆ ಬಾಸೆಲ್ ಮಿಷನ್ನಿನ ಹೆಸರು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆಯೇ 1828ರಲ್ಲಿ ಈಗಿನ ಘಾನಾ ದೇಶಕ್ಕೂ ಹೋಗಿತ್ತು. ಅಲ್ಲಿಯ ತ್ವಿ ಭಾಷೆಗೆ ಕ್ರಿಸ್ಟಾಲರ್ ರಚಿಸಿದ ನಿಘಂಟು 1881ರಲ್ಲಿಯೂ, ನಮ್ಮ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿಯೂ ಪ್ರಕಟವಾದುವು. ಇವರಿಬ್ಬರೂ ಜರ್ಮನರು. ಕ್ರೌದರರಾದರೋ ಆ ನುಡಿಯ ಮಡಿಲಲ್ಲೇ ಹುಟ್ಟಿದವರು.

1864ರ ಜೂನ್ 29ರಂದು ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಅವರಿಗೆ ಬಿಷಪ್ ಪದವಿ ದೊರೆಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಆಫ್ರಿಕನ್ನರು ಅವರೇ. ಆದರೆ ವಿಚಿತ್ರವನ್ನು ನೋಡಿ: ಅಬೆಯೊಕುಟದಲ್ಲಿದ್ದ ಬಿಳಿಯ ಮಿಷನರಿಗಳು ಕರಿಯನ ಕೈಕೆಳಗೆ ಇರಲು ಒಪ್ಪಲಿಲ್ಲ. ಹೀಗಾಗಿ ಯೊರುಬಕ್ಕೆ ಬೈಬಲ್ ಕೊಟ್ಟವರು ಅಬೆಯೊಕುಟಕ್ಕೇ ಬಿಷಪ್ ಆಗಲಿಲ್ಲ. ಅವರಿಗೆ ಸಿಕ್ಕಿದುದು ನೈಜರ್ ನದಿಯ ಪ್ರಾಂತ. ಅಲ್ಲಿ ಆಫ್ರಿಕದ ಉಪದೇಶಕರನ್ನೇ ಕಟ್ಟಿಕೊಂಡು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ದುಡಿದರು. ಅವರ ಅಳಿಯ ಲಾಗೋಸಿನಲ್ಲಿ 1859ರಲ್ಲಿ ತೆರೆದ ಶಾಲೆಯೇ ನೈಜೀರಿಯದ ಮೊದಲ ಪ್ರೌಢಶಾಲೆ. ಅಳಿಯನ ಹೆಸರು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ! ನಮ್ಮ ಚರಿತ್ರೆ ಪುಸ್ತಕದ ಮೆಕಾಲೆ ಇವರಲ್ಲ, ಮಕ್ಕಳು ಪರೀಕ್ಷೆಯಲ್ಲಿ ಬೆರೆಸಬಾರದು.

ಕೊನೆಗಾಲ ಸುಖವಾಗಿರಲಿಲ್ಲ. 1890ರ ಸುಮಾರಿಗೆ ಇಂಗ್ಲೆಂಡಿನಿಂದ ಬಂದ ಎಳೆಯ ಮಿಷನರಿಗಳು ಅವರ ಸಹಾಯಕರ ನಡತೆಯ ಮೇಲೆ ದೂರು ಹೊರಿಸಿ, ಹಲವರನ್ನು ಕೆಲಸದಿಂದ ತೆಗೆದರು. ಎಂಬತ್ತು ದಾಟಿದ್ದ ಬಿಷಪ್ಪರ ಮಾತು ನಡೆಯಲಿಲ್ಲ. ಅವರು ಆ ಸಮಿತಿಗೆ ರಾಜೀನಾಮೆಯಿತ್ತು, 1891ರ ಡಿಸೆಂಬರ್ 31ರಂದು ಲಾಗೋಸಿನಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದವರು ಇಂಗ್ಲಿಷರು. ಈ ಅವಮಾನವನ್ನು ಸಹಿಸದೆ ಕೆಲವರು ಆಫ್ರಿಕದವರೇ ನಡೆಸುವ ಬೇರೆ ಸಭೆಗಳನ್ನು ಕಟ್ಟಿಕೊಂಡರು. ಯೊರುಬ ಬೈಬಲನ್ನು ಮಾತ್ರ ಜೊತೆಯಲ್ಲೇ ಒಯ್ದರು.

2014ರ ಜೂನ್ 29ರಂದು ಅದೇ ಕ್ಯಾಂಟರ್‌ಬರಿಯಲ್ಲಿ, ಕ್ರೌದರರು ಬಿಷಪ್ ಆದ 150ನೆಯ ವರ್ಷದ ಆರಾಧನೆಯಲ್ಲಿ, ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು ಅವರಿಗಾದ ಅನ್ಯಾಯಕ್ಕಾಗಿ ಪಶ್ಚಾತ್ತಾಪವನ್ನು ಸೂಚಿಸಿದರು.